ತುಮ್ಮಿ ಸಾಹೇಬನ ಊರು ಹುಡುಕುತ್ತ

ಡಬ್ಲಿನ್

ವಿಮಾನ ಇಳಿದು ಎರಡು ತಾಸಾಗಿತ್ತು. ಗೆಳತಿ ಸುಮಂಗಲಾ ಕಾರು ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಅರೆನಿದ್ದೆಯಲ್ಲಿ ತೂಗುತ್ತಿದ್ದೆ. ಒಮ್ಮೆ ಕಣ್ಣು ಬಿಟ್ಟಾಗ ಫ್ರೀವೇ ಮೇಲೆ ಅಡ್ಡಲಾಗಿ ನಿಂತ ಹಸಿರು ಹಲಗೆಯಲ್ಲಿ ‘ಡಬ್ಲಿನ್’ ಎಂದು ಕಂಡಿತು. ನಿದ್ದೆ ಹಾರಿಹೋಯಿತು.

"ಸುಮ್ಮಿ, ನಾವು ಎಲ್ಲಿಗೆ ಬಂದೀವಿ?"

"ಯಾಕ?"

"ಡಬ್ಲಿನ್ ಅಂತ ಬರದಾರಲ್ಲ."

"ಡಬ್ಲಿನ್ನ ಅದು. ನಮ್ಮ ಮನಿಗೆ ಹತ್ತ ನಿಮಿಷ. ಅಲ್ಲಿ ಗ್ರೋಸರಿ ಅಂಗಡ್ಯಾಗ ಮೆಂತ್ಯಪಲ್ಯ ಚೊಲೊ ಸಿಗತೈತಿ."

ಯಾವುದೋ ಕಾಲದಲ್ಲಿ ಐರಿಶ್ ಜನ ಅಮೆರಿಕಾಕ್ಕೆ ಬಂದು ನೆಲೆಸಿ ತಮ್ಮ ರಾಜಧಾನಿಯ ಹೆಸರನ್ನೇ ಇಟ್ಟುಕೊಂಡ ಊರಂತೆ. ಈಗ ಅಲ್ಲಿ ಇಳಿದು ನೋಡಿದರೆ ಬದಾಮಿ, ರಾಣೆಬೆನ್ನೂರು ಕಡೆಯವರೂ ಸಿಗುತ್ತಾರೆ. ಸುಮಂಗಲಾಳಿಗೆ ಅದು ದಿನನಿತ್ಯದ ಮಾತು. ನನಗೆ ಮಾತ್ರ ಎದೆ ಧಸಕ್ಕೆಂದಿತ್ತು. ಯಾಕೆಂದರೆ ನಾನು ಹುಬ್ಬಳ್ಳಿಯಿಂದ ಹೊರಟು ಬಂದದ್ದೇ ಐರ್ಲೆಂಡಿನ ಒಬ್ಬ ಮನುಷ್ಯನ ಊರು ಯಾವುದೆಂದು ತಿಳಿಯಲು.

ಆ ಮನುಷ್ಯ ನನ್ನ ಮುತ್ತಜ್ಜ. ಅವ್ವನ ತಾಯಿಯ ತಂದೆ. ಹೆಸರು ಮಾರ್ಟಿನ್ ಟೂಮಿ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಬಾಯ್ಲರ್ ದುರಸ್ತಿ ಮಾಡುತ್ತಿದ್ದ. ಊರವರ ಬಾಯಲ್ಲಿ ಟೂಮಿ ತಿರುಗಿ ತುಮ್ಮಿ ಆಯಿತು; ಇವತ್ತಿಗೂ ನಮ್ಮ ಮನೆಯಲ್ಲಿ ಅವನು ತುಮ್ಮಿ ಸಾಹೇಬನೇ. ನಮ್ಮದು ಕ್ರೈಸ್ತ ಮನೆತನ. ಮುತ್ತಜ್ಜಿ ರೂತವ್ವ ಮಿಷನ್ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ತುಮ್ಮಿ ಸಾಹೇಬನಿಗೆ ಕನ್ನಡ ಕಲಿಸಲು ಹೋದವಳು ಅವನನ್ನೇ ಮದುವೆಯಾದಳು. ಎಲೀನಾ ಎಂಬ ಒಬ್ಬಳೇ ಮಗಳು, ಅವಳೇ ನನ್ನ ಅಜ್ಜಿ.

ಮುಂದಿನದು ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ತುಮ್ಮಿ ಸಾಹೇಬ ಹೆಚ್ಚಿನ ಕೆಲಸಕ್ಕೆಂದು ಮುಂಬಯಿಗೆ ಹೋದ. ಅಲ್ಲಿ ಜ್ವರ ಬಿದ್ದ. ರೂತವ್ವ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಹೋಗಿ ಏಳು ತಿಂಗಳು ಆರೈಕೆ ಮಾಡಿದಳು. ಉಳಿಯಲಿಲ್ಲ. ಬಿಳಿ ಸೀರೆ ಉಟ್ಟು ಒಬ್ಬಳೇ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದಳು. ಆಮೇಲೆ ಸಾಯುವವರೆಗೆ ಬಣ್ಣದ ಸೀರೆ ಉಡಲಿಲ್ಲ, ಅವನ ಸುದ್ದಿ ಎತ್ತಲಿಲ್ಲ. ಪ್ರತಿ ನವೆಂಬರಿನಲ್ಲಿ ಸತ್ತವರ ಸ್ಮರಣೆಯ ದಿನ ಅವಳ ಸಮಾಧಿಯ ಮೇಲೆ ನಾವು ಎರಡು ಮೇಣದಬತ್ತಿ ಹಚ್ಚುತ್ತೇವೆ. ಒಂದು ಅವಳಿಗೆ, ಇನ್ನೊಂದು ಎಲ್ಲಿ ಮಣ್ಣಾದನೋ ಗೊತ್ತಿಲ್ಲದ ಅವನಿಗೆ.

ಅವ್ವನಿಗೆ ಈಗ ಎಂಬತ್ತೆಂಟು. ಎರಡು ವರ್ಷದಿಂದ ಅವಳಿಗೆ ಒಂದೇ ಹಟ. "ಅಜ್ಜನ ಊರ ಹೆಸರರ ಗೊತ್ತಾಗಬೇಕು. ಯಾವೂರಾಂವ ಅಂತ ತಿಳೀದ ನಾ ಸಾಯಬಾರದು."

ಇದನ್ನು ಕೇಳಿಸಿಕೊಂಡ ಸುಮಂಗಲಾ, ಹಿಂದಿನ ಸಲ ಹುಬ್ಬಳ್ಳಿಗೆ ಬಂದಾಗ ಒಂದು ಪುಟ್ಟ ಡಬ್ಬಿ ತಂದಿದ್ದಳು. ಅದರಲ್ಲಿನ ನಳಿಕೆಗೆ ಉಗುಳಬೇಕಂತೆ; ಉಗುಳಿನ ಡಿಎನ್‌ಎ ಪರೀಕ್ಷೆಯಿಂದ ರಕ್ತಸಂಬಂಧಿಗಳು ಎಲ್ಲಿದ್ದಾರೆಂದು ತಿಳಿಯುತ್ತದಂತೆ. ಅವಳು ಮಕ್ಕಳ ಡಾಕ್ಟರಾಗಿ ಸ್ಯಾನ್ ರಮೋನ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಅವಳ ಮಾತಿಗೆ ಇಲ್ಲ ಅನ್ನಲಾಗಲಿಲ್ಲ. ಉಗುಳಿದೆ. ಮೂರು ತಿಂಗಳ ಮೇಲೆ ಫೋನು ಬಂತು: ನನ್ನ ರಕ್ತಕ್ಕೆ ತೀರ ಹತ್ತಿರದ ಒಬ್ಬಾಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಳೆ, ಹೆಸರು ನೋರಾ ಟೂಮಿ. ತುಮ್ಮಿ ಸಾಹೇಬನಿಗೆ ಅಮೆರಿಕಾ ಸೇರಿದ ಒಬ್ಬ ತಮ್ಮನಿದ್ದ ಎಂದು ಕೇಳಿದ್ದೆ. ಈಕೆ ಆ ತಮ್ಮನ ಕಡೆಯವಳು ಎಂದೇ ತಿಳಿದೆ. ಆಕೆ ಇಮೇಲಿನಲ್ಲಿ ಬರೆದದ್ದೂ ಎರಡೇ ಸಾಲು: ನಮ್ಮ ಅಜ್ಜನ ಊರು ನಮಗೂ ಗೊತ್ತಿಲ್ಲ, ಬಂದರೆ ಕೂಡಿ ಹುಡುಕೋಣ.

ಹೊರಡುವ ಮುಂಚಿನ ಭಾನುವಾರ ಚರ್ಚಿನಲ್ಲಿ ನನ್ನನ್ನು ನಿಲ್ಲಿಸಿ ಪ್ರಾರ್ಥನೆ ಮಾಡಿದರು. ಈ ಮನೆತನದಲ್ಲಿ ಸಮುದ್ರ ದಾಟುತ್ತಿರುವ ಮೊದಲ ಹೆಣ್ಣುಮಗಳು ಎಂದರು. ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಬೇರೆಯವರ ಕಾಗದಗಳನ್ನು ದೇಶಾಂತರ ಕಳಿಸಿದವಳಿಗೆ ಆ ಮಾತು ಖುಷಿ ಕೊಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ.

ಮಂಜಿನ ಬಡಾವಣೆ

ಮೂರನೇ ದಿನ ಡಬ್ಲಿನ್ ಸ್ಟೇಷನ್ನಿನಿಂದಲೇ ಸುಮಂಗಲಾ ನನ್ನನ್ನು ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋ ರೈಲು ಹತ್ತಿದಳು. ಮನೆ ಬಿಟ್ಟಾಗ ಬೆವರು ಇಳಿಯುವಷ್ಟು ಬಿಸಿಲು. ನಾನು ತೆಳ್ಳನೆಯ ಇಳಕಲ್ ಸೀರೆ ಉಟ್ಟಿದ್ದೆ. "ಸ್ವೆಟರ್ ತಗೊ" ಎಂದು ಅವಳು ಎರಡು ಸಲ ಹೇಳಿದ್ದಳು. ಜುಲೈ ತಿಂಗಳಲ್ಲಿ ಸ್ವೆಟರ್ ಯಾಕೆಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಇಳಿದು ನೆಲದಡಿಯ ಸ್ಟೇಷನ್ನಿನಿಂದ ಮೇಲೆ ಬಂದಾಗ ಸುಮಂಗಲಾ ಫೋನಿನಲ್ಲಿ ಏನೋ ಒತ್ತಿದಳು. ಬಿಳಿ ಕಾರೊಂದು ಮುಂದೆ ಬಂದು ನಿಂತಿತು. ಬಾಗಿಲು ತೆಗೆದು ಕುಳಿತ ಮೇಲೆ ಮುಂದೆ ನೋಡುತ್ತೇನೆ, ಡ್ರೈವರ್ ಇಲ್ಲ. ಸ್ಟಿಯರಿಂಗು ತಾನೇ ತಿರುಗಿತು. ಕಾರು ಹೊರಟೇಬಿಟ್ಟಿತು.

"ನನ್ನ ಇಳಸು."

"ಸುಮ್ಮನ ಕುಂದ್ರು ಪ್ರೇಮಾ. ಹುಬ್ಬಳ್ಳಿ ಆಟೋದಾಂವಗಿಂತ ಚೊಲೊ ಹೊಡಿತೈತಿ."

ನಾನು ಕಣ್ಣು ಮುಚ್ಚಿ ‘ಸ್ವರ್ಗದಲ್ಲಿರುವ ತಂದೆಯೇ’ ಎಂದು ಪ್ರಾರ್ಥನೆ ಶುರುಮಾಡಿದೆ. ಕಣ್ಣು ತೆರೆದಾಗ ಒಂದು ಕಡೆ ಹಾಸಿಗೆ ಹೊತ್ತ ಮುದುಕನೊಬ್ಬ ರಸ್ತೆ ದಾಟುವವನಿದ್ದ. ಕಾರು ನಿಂತಿತು. ಆತ ದಾಟಿ, ಖಾಲಿ ಸೀಟಿನ ಕಡೆಗೆ ಕೈಯೆತ್ತಿ ಥ್ಯಾಂಕ್ಸ್ ಹೇಳಿ ಹೋದ. ಈ ಊರಿನ ಜನ ಯಂತ್ರಕ್ಕೂ ಮರ್ಯಾದೆ ಕೊಡುತ್ತಾರಲ್ಲ ಎಂದುಕೊಂಡೆ. ನಮ್ಮಲ್ಲಿ ಡ್ರೈವರ್ ಇದ್ದರೂ ಯಾರೂ ಹೇಳುವುದಿಲ್ಲ.

ಗುಡ್ಡ ಇಳಿದು ಸಮುದ್ರದ ಕಡೆಗೆ ಹೋದಂತೆ ಮಂಜು ಕವಿಯಿತು. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯನಿಲ್ಲ. ಆ ಬಡಾವಣೆಯ ಹೆಸರು ಮಾತ್ರ ಸನ್‌ಸೆಟ್. ಮನೆಗಳು ಒಂದಕ್ಕೊಂದು ಅಂಟಿಕೊಂಡು, ಥೇಟ್ ನಮ್ಮ ರೈಲ್ವೆ ಕ್ವಾರ್ಟರ್ಸಿನ ಸಾಲಿನಂತೆ ನಿಂತಿದ್ದವು. ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದಿದ್ದರು, ಅಷ್ಟೇ ವ್ಯತ್ಯಾಸ. ನಾನು ಕಾರಿನಿಂದ ಇಳಿದಾಗ ಹಲ್ಲು ಕಟಕಟ ಎನ್ನುತ್ತಿತ್ತು.

ಬಾಗಿಲು ತೆರೆಯಿತು. ಎಪ್ಪತ್ತೈದರ ಹೆಂಗಸು, ಬೆಳ್ಳಗೆ, ಎತ್ತರಕ್ಕೆ, ಗಂಡಸರ ಸ್ವೆಟರಿನಲ್ಲಿ. ಒಂದು ಕೈ ಸೊಂಟದ ಮೇಲೆ, ಒಂದು ಪಾದ ಇನ್ನೊಂದರ ಮೇಲೆ ಇಟ್ಟು ಚೌಕಟ್ಟಿಗೆ ಒರಗಿ ನಿಂತಿದ್ದಳು. ನಾನು ಮೆಟ್ಟಿಲ ಮೇಲೆ ಅಲ್ಲೇ ನಿಂತೆ. ಹಾಲಿನವನ ದಾರಿ ಕಾಯುವಾಗ ನಮ್ಮವ್ವ ನಿಲ್ಲುವುದು ಹೀಗೆಯೇ. ಕೈ ಅದೇ, ಕಾಲು ಅದೇ, ತಲೆ ವಾಲಿಸುವ ಬಗೆಯೂ ಅದೇ. ಸಾವಿರಾರು ಮೈಲು ದೂರದಲ್ಲಿ, ಕನ್ನಡದ ಒಂದಕ್ಷರ ಗೊತ್ತಿಲ್ಲದವಳ ಮೈಯಲ್ಲಿ ನಮ್ಮವ್ವ ನಿಂತಿದ್ದಳು.

"ಚಳಿಗೆ ನಡುಗುತ್ತಿದ್ದೀರಿ, ಒಳಗೆ ಬನ್ನಿ" ಎಂದಳು ನೋರಾ. ಒಳಗೆ ಎಲ್ಲರೂ ಚಪ್ಪಲಿ ಹಾಕಿಕೊಂಡೇ ಓಡಾಡುವ ಮನೆ. ನಾಯಿ ಸೋಫಾದ ಮೇಲೆ ಮಲಗಿತ್ತು. ಅದನ್ನು ಎಬ್ಬಿಸಲು ಮನಸ್ಸಿಲ್ಲದೆ ನೋರಾ ನಮಗೆ ಗಟ್ಟಿ ಕುರ್ಚಿ ಕೊಟ್ಟಳು. ಬೆಳಗ್ಗೆ ಮಾಡಿದ ಕಾಫಿಯನ್ನೇ ಮೈಕ್ರೋವೇವ್‌ನಲ್ಲಿ ಬಿಸಿಮಾಡಿ ಮುಂದಿಟ್ಟಳು. ಆ ಚಳಿಯಲ್ಲಿ ಜೊತೆಗೊಂದು ಲೋಟ ಐಸು ಹಾಕಿದ ನೀರು. ನಾನು ಲೋಟವನ್ನು ಮುಟ್ಟದೆ ಕಾಫಿಗೆ ಕೈ ಕಾಯಿಸಿಕೊಳ್ಳುತ್ತ ಗೋಡೆ ನೋಡಿದೆ.

ಅಲ್ಲೊಂದು ಫೋಟೋ. ಬಕ್ಕ ತಲೆಯ ಮುದುಕ, ತೊಡೆಯ ಮೇಲೆ ಎರಡು ಜಡೆಯ ಪುಟ್ಟ ಹುಡುಗಿ. ಮುದುಕನ ಎಡಗಿವಿಯ ಮೇಲ್ತುದಿ ಹರಿದಂತಿತ್ತು.

ನಮ್ಮ ಮನೆಯಲ್ಲಿ ತುಮ್ಮಿ ಸಾಹೇಬನ ಒಂದೇ ಒಂದು ಫೋಟೋ ಇದೆ. ಮೀಸೆಯ ತರುಣ. ಕಾರ್ಖಾನೆಯಲ್ಲಿ ಕಬ್ಬಿಣದ ಚೂರು ಸಿಡಿದು ಅವನ ಎಡಗಿವಿಯ ಮೇಲ್ತುದಿ ಹಾರಿಹೋಗಿತ್ತು.

"ಇವರು ಯಾರು?"

"ನಮ್ಮ ಅಜ್ಜ ಮಾರ್ಟಿನ್. ತೊಡೆಯ ಮೇಲಿರುವವಳು ನಾನು. ಇಲ್ಲಿಯ ಹಡಗುಕಟ್ಟೆಯಲ್ಲಿ ಬಾಯ್ಲರ್ ಕೆಲಸ ಮಾಡುತ್ತಿದ್ದರು. ನನಗೆ ಹನ್ನೆರಡು ವರ್ಷವಿದ್ದಾಗ ತೀರಿಕೊಂಡರು."

ಬೆರಳು ಮಡಚಿ ಲೆಕ್ಕ ಹಾಕಿದೆ. ಅದು ನಾನು ಹುಟ್ಟಿದ ವರ್ಷ. ಮುಂಬಯಿಯಲ್ಲಿ ಜ್ವರಕ್ಕೆ ಸತ್ತವನು ಆಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಈ ಊರಿನಲ್ಲಿ ಉಂಡು, ಉಟ್ಟು, ಮೊಮ್ಮಗಳನ್ನು ಆಡಿಸಿದ್ದ. ಬೆರಳು ಬಿಚ್ಚಿ ಇನ್ನೊಮ್ಮೆ ಎಣಿಸಿದೆ. ನಾನು ಯಾರೆಂಬುದನ್ನೂ, ನಮ್ಮ ಮನೆಯ ಬಾಯಿಪಾಠವನ್ನೂ ಸುಮಂಗಲಾಳೇ ನೋರಾಳಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಕೇಳುತ್ತ ಕೇಳುತ್ತ ನೋರಾಳ ಮುಖದ ನಗು ಇಳಿಯಿತು.

"ತಪ್ಪಾಗಿರಬೇಕು" ಎಂದಳು. "ಅಜ್ಜ ಇಂಡಿಯಾದಲ್ಲಿ ಕೆಲಸ ಮಾಡಿದ್ದು ನಿಜ. ಆದರೆ ಅಲ್ಲಿ ಮದುವೆಯಾಗಿರಲಿಲ್ಲ."

ಕಾರಿನ ಭಯ ಈ ಭಯದ ಮುಂದೆ ಏನೂ ಅಲ್ಲ ಅನ್ನಿಸಿತು. ಸುಮಂಗಲಾ ನನ್ನ ಕಡೆ ಬಾಗಿ ಮೆಲ್ಲಗೆ, "ನಿಮ್ಮವ್ವಗ ಇಕಿ ಸೋದರಮಾವನ ಮಗಳಾದಳು. ಅಂದ್ರ ನಿನಗ ಅತ್ತಿ" ಎಂದಳು. ಆ ಹೊತ್ತಿನಲ್ಲೂ ಅವಳಿಗೆ ಸಂಬಂಧ ಜೋಡಿಸುವುದು ತಪ್ಪಲಿಲ್ಲ.

ಅಡಿಗೆಮನೆಯ ಮೇಜು

ನೋರಾ ಬಹಳ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಒಂದು ತಗಡಿನ ಬಿಸ್ಕತ್ತಿನ ಡಬ್ಬಿ ತಂದು ಅಡಿಗೆಮನೆಯ ಮೇಜಿನ ಮೇಲಿಟ್ಟಳು.

"ಇದು ಅಜ್ಜನ ಮಂಚದ ಕೆಳಗಿತ್ತು. ಯಾರಿಂದಲೂ ಓದಲಾಗಲಿಲ್ಲ. ಬರ್ಮಾದ ಲಿಪಿ ಇರಬೇಕು ಅನ್ನುತ್ತಿದ್ದರು ನನ್ನ ಅಪ್ಪ. ಯಾವುದೋ ನಾವಿಕ ಗೆಳೆಯನ ಕಾಗದಗಳು ಅಂತ ನಾವು ತಿಳಿದಿದ್ದೆವು."

ಮುಚ್ಚಳ ತೆಗೆದಳು. ನೂಲಿನಿಂದ ಕಟ್ಟಿದ ಹನ್ನೊಂದು ಕಾಗದ. ಮೇಲಿನದರಲ್ಲಿ, ಗೆರೆ ಎಳೆದಂತೆ ನೇರವಾಗಿ, ಅಕ್ಕೋರ ದುಂಡು ಅಕ್ಷರದಲ್ಲಿ ಬರೆದಿತ್ತು: ‘ಪ್ರಿಯ ಮಾರ್ಟಿನ್‌ರವರಿಗೆ ರೂತಳು ಮಾಡುವ ವಂದನೆಗಳು.’

ಕನ್ನಡ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಐರಿಶ್ ಮನೆಯಲ್ಲಿ ನೂರು ವರ್ಷದಿಂದ ತುಮ್ಮಿ ಸಾಹೇಬನ ಹೊರತು ಇನ್ನಾರೂ ಓದದೆ ಬಿದ್ದಿದ್ದ ಕನ್ನಡ. ಸುಮಂಗಲಾ ಕಾಗದ ಹಿಡಿದುಕೊಂಡಳು, ನಾನು ಓದಿದೆ. ಒಂದು ಸಾಲು ಕನ್ನಡದಲ್ಲಿ ಓದುವುದು, ಅದನ್ನೇ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ನೋರಾಳಿಗೆ ಹೇಳುವುದು. ಎಡವಿದಲ್ಲಿ ಸುಮಂಗಲಾ ಎತ್ತಿ ನಿಲ್ಲಿಸುತ್ತಿದ್ದಳು.

ಮೊದಲ ಕಾಗದದಲ್ಲೇ ನೆಲ ಕುಸಿಯಿತು.

‘ಎಲೀನಾಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನೀವು ಕಳಿಸಿದ ಹಡಗಿನ ಚೀಟಿ ಮುಟ್ಟಿತು. ಮೊದಲು ನಾನೊಬ್ಬಳೇ ಬರುತ್ತೇನೆ. ನೆಲೆ ಆದ ಮೇಲೆ ಮಗಳನ್ನು ಕರೆಸಿಕೊಳ್ಳೋಣ. ಅಮೆರಿಕಾ ಎಂದರೆ ಅಣ್ಣಂದಿರು ಕಳಿಸಲಾರರು. ನೀವು ಮುಂಬಯಿಯಲ್ಲಿ ಜ್ವರದಿಂದ ಮಲಗಿದ್ದೀರೆಂದು ಹೇಳಿ ಹೊರಡುತ್ತೇನೆ. ದೇವರು ನನ್ನನ್ನು ಕ್ಷಮಿಸಲಿ.’

ಹಾಗಾದರೆ ಜ್ವರವೇ ಇರಲಿಲ್ಲ. ಆರೈಕೆ ಇರಲಿಲ್ಲ. ಆ ಏಳು ತಿಂಗಳು ಅವಳು ಮುಂಬಯಿಯಲ್ಲಿ ಇರಲಿಲ್ಲ.

ಎರಡನೇ ಕಾಗದವನ್ನು ಹೊನೊಲುಲು ಬಂದರಿನಲ್ಲಿ ಅಂಚೆಗೆ ಹಾಕಿದ್ದಳು, ತಿರುಗಿ ಹೋಗುವ ಹಡಗಿನಿಂದ.

‘ಅವರು ನನ್ನನ್ನು ಇಪ್ಪತ್ತಮೂರು ದಿನ ಆ ದ್ವೀಪದಲ್ಲಿ ಇಟ್ಟರು. ಕಣ್ಣಿನ ರೆಪ್ಪೆ ಮಗುಚಿ ನೋಡಿದರು. ಗಂಡ ಬಿಳಿಯನೋ ಎಂದು ಕೇಳಿದರು. ಚರ್ಚಿನ ಮದುವೆಯ ಕಾಗದ ಕೊಟ್ಟೆ. ಒಬ್ಬ ಓದಿ ಪಕ್ಕದವನಿಗೆ ಕೊಟ್ಟ. ಇಂಡಿಯಾದ ಕಡೆಯವರು ಒಳಗೆ ಬರದಂತೆ ಈಗ ಕಾಯಿದೆಯಾಗಿದೆ ಎಂದು ಆಮೇಲೆ ತಿಳಿಸಿದರು. ನೀವು ಕಳಿಸಿದ ಕಿತ್ತಳೆ ಬಂದವು, ಜೊತೆಗಿದ್ದ ಚೀನಾದ ಹೆಣ್ಣುಮಕ್ಕಳಿಗೂ ಹಂಚಿದೆ. ಕಿಟಕಿಯಿಂದ ಆಚೆ ದಡ ಕಾಣುತ್ತಿತ್ತು. ನಮ್ಮೂರಿನ ಉಣಕಲ್ ಕೆರೆಯಾಗಿದ್ದರೆ ಏರಿಯ ಮೇಲೆ ನಡೆದು ಬಂದುಬಿಡುತ್ತಿದ್ದೆ. ನೀವು ದೋಣಿಯಲ್ಲಿ ಬಂದು ಕಟ್ಟೆಯ ಮೇಲೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತದ್ದನ್ನು ಕಂಡೆ. ನಿಮಗೆ ನಾನು ಕಾಣಲಿಲ್ಲ.’

ಇದನ್ನು ಇಂಗ್ಲಿಷಿಗೆ ತಿರುಗಿಸಿ ಮುಗಿಸಿದ ಮೇಲೆ ಆ ಐಸಿನ ನೀರನ್ನೇ ಗಟಗಟ ಕುಡಿದೆ. ನಮ್ಮ ಮನೆತನದಲ್ಲಿ ಸಮುದ್ರ ದಾಟಿದ ಮೊದಲ ಹೆಣ್ಣುಮಗಳು ನಾನಲ್ಲ. ಅವಳು ನೂರು ವರ್ಷ ಹಿಂದೆ ದಾಟಿ, ಈ ಊರಿನ ಬಾಗಿಲವರೆಗೆ ಬಂದು, ಹೊಸ್ತಿಲು ತುಳಿಯದೆ ತಿರುಗಿ ಹೋಗಿದ್ದಳು.

ನೋರಾ ಎದ್ದು ತೊಳೆದಿಟ್ಟ ಕಪ್ಪುಗಳನ್ನೇ ಮತ್ತೆ ತೊಳೆಯತೊಡಗಿದಳು. "ಓದಿ, ಓದಿ" ಎಂದಳು ಬೆನ್ನು ತಿರುಗಿಸಿಕೊಂಡೇ.

ಮೂರನೆಯದು ಹುಬ್ಬಳ್ಳಿಯಿಂದ. ‘ಬಿಳಿ ಸೀರೆ ಉಟ್ಟು ಸ್ಟೇಷನ್ನಿನಲ್ಲಿ ಇಳಿದೆ. ನೀವು ತೀರಿಹೋದಿರೆಂದು ಹೇಳಿದೆ. ಬೇರೆ ದಾರಿ ಇರಲಿಲ್ಲ. ಗಂಡ ಬಿಟ್ಟವಳನ್ನು ಶಾಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ವಿಧವೆಯನ್ನು ಇಟ್ಟುಕೊಳ್ಳುತ್ತಾರೆ. ಎಲೀನಾ ಬಹಳ ಅತ್ತಳು. ಅದನ್ನು ನೋಡುವುದು ಕಷ್ಟವಾಯಿತು.’

ಆ ಬಿಳಿ ಸೀರೆಯ ಕತೆ ಕೇಳಿ ನಾವು ಮೂರು ತಲೆಮಾರು ರೂತವ್ವನಿಗಾಗಿ ಕಣ್ಣೀರು ಹಾಕಿದ್ದೇವೆ. ಆ ಕತೆ ಕಟ್ಟಿದವಳು ಅವಳೇ. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಸ್ವಂತ ಮಗಳಿಗೂ ನಿಜ ಹೇಳದೆ, ಬದುಕಿದ್ದ ತಂದೆ ಸತ್ತನೆಂದು ಅವಳು ಅಳುವಂತೆ ಮಾಡಿದವಳ ಮೇಲೆ ಸಿಟ್ಟು. ನನ್ನ ಅಜ್ಜಿ ಎಲೀನಾ ಅಪ್ಪನಿಲ್ಲದವಳೆಂದೇ ಬಾಳಿ ಸತ್ತಳು.

ಕೊನೆಯ ಕಾಗದ ಚಿಕ್ಕದು. ಮೊದಲ ಸಾಲಿನ ಮೇಲೆ ಕಣ್ಣು ಬಿದ್ದೊಡನೆ ಕಾಗದ ಮಡಚಿದೆ.

"ಏನು ಬರೆದಿದ್ದಾರೆ?" ನೋರಾ ಈಗ ಎದುರಿಗೆ ಬಂದು ಕುಳಿತಿದ್ದಳು.

"ಮಳೆ ಬೆಳೆ ವಿಚಾರ. ಊರಿನ ಸುದ್ದಿ" ಎಂದೆ.

ಸುಮಂಗಲಾ ಕಾಫಿಯ ಕಪ್ಪಿನೊಳಗೆ ನೋಡುತ್ತ ಕುಳಿತಳು. ನೋರಾ ನಲವತ್ತು ವರ್ಷ ಶಾಲೆಯ ಲೈಬ್ರರಿ ನೋಡಿಕೊಂಡವಳು. ನನ್ನ ಮುಖವನ್ನೇ ನೋಡಿದಳು. "ಮಳೆಯ ಸುದ್ದಿ ಓದಿ ಯಾರೂ ಹೀಗೆ ಬಿಳಿಚಿಕೊಳ್ಳುವುದಿಲ್ಲ. ಈ ಮನೆಯಲ್ಲಿ ಇದನ್ನು ಓದಬಲ್ಲವರು ನೀವಿಬ್ಬರೇ. ನೀವು ಹೇಳದಿದ್ದರೆ ನನಗೆ ಇನ್ನಾರು ಹೇಳುತ್ತಾರೆ?"

"ಹೇಳಿಬಿಡು ಪ್ರೇಮಾ" ಎಂದಳು ಸುಮಂಗಲಾ.

ಓದಿದೆ.

‘ಬ್ರಿಜಿಟ್ ಎಂಬ ಹೆಣ್ಣುಮಗಳನ್ನು ಮದುವೆಯಾಗುವ ವಿಚಾರ ಬರೆದು ನನ್ನ ಒಪ್ಪಿಗೆ ಕೇಳಿದ್ದೀರಿ. ಎರಡು ವಾರ ಉತ್ತರ ಬರೆಯಲಾಗಲಿಲ್ಲ. ನಾನು ಇಲ್ಲಿ ನಿಮ್ಮನ್ನು ಸಾಯಿಸಿ ನಾಲ್ಕು ವರ್ಷವಾಯಿತು. ನೀವೂ ಅಲ್ಲಿ ನನ್ನನ್ನು ಸಾಯಿಸಿಬಿಡಿ. ನನ್ನ ಸುದ್ದಿ ಆಕೆಗೆ ತಿಳಿಯುವುದು ಬೇಡ, ಆಕೆಯದೇನು ತಪ್ಪು. ಎರಡೂ ಕಡೆಯ ಮಕ್ಕಳು ತಲೆಯೆತ್ತಿ ಬದುಕಲಿ. ಇನ್ನು ಬರೆಯಬೇಡಿ. ನಾನೂ ಬರೆಯುವುದಿಲ್ಲ.’

ಬ್ರಿಜಿಟ್ ಎಂದರೆ ನೋರಾಳ ಅಜ್ಜಿ. ದಿನಾ ಬೆಳಗ್ಗೆ ಆರಕ್ಕೆ ಚರ್ಚಿಗೆ ಹೋಗುತ್ತಿದ್ದವಳಂತೆ.

"ಅವಳಿಗೆ ಗೊತ್ತಿರಲಿಲ್ಲ" ಎಂದಳು ನೋರಾ. "ನಲವತ್ತು ವರ್ಷ ಈ ಡಬ್ಬಿಯ ಮೇಲೆ ಮಲಗಿದಳು. ದೇವರ ಮುಂದೆ ಅವಳ ಮದುವೆ ಮದುವೆಯೇ ಆಗಿರಲಿಲ್ಲ. ಅವಳಿಗೆ ಗೊತ್ತಾಗದೇ ಹೋಯಿತು." ಮೇಜಿನ ಮೇಲೆ ಮುಷ್ಟಿಯಿಂದ ಒಂದು ಸಲ ಗುದ್ದಿದಳು. ನಾಯಿ ಎದ್ದು ಬಂದು ಅವಳ ಮೊಣಕಾಲಿಗೆ ಮೂತಿ ಒತ್ತಿತು.

ಕ್ಷಮೆ ಕೇಳಬೇಕಾದವರು ಯಾರು, ಯಾರನ್ನು ಕೇಳಬೇಕು, ಒಂದೂ ತಿಳಿಯಲಿಲ್ಲ. ಕಾಗದಗಳನ್ನು ಜೋಡಿಸುತ್ತ ಕುಳಿತೆ. ಆಗ ನಡುವಿನ ಒಂದು ಕಾಗದದಲ್ಲಿ ಈ ಸಾಲು ಕಂಡಿತು: ‘ಎಲೀನಾ ಶಾಲೆಯಲ್ಲಿ ತಂದೆಯ ಊರು ಬರೆಯಬೇಕಂತೆ. ನೀವು ನನಗೂ ಹೇಳಿಲ್ಲ. ಹೇಳಿದರೆ ಅಳು ಬರುತ್ತದೆ ಎಂದಿರಿ. ಈಗಲಾದರೂ ಬರೆಯಿರಿ.’

ಹಾಳೆ ತಿರುಗಿಸಿದೆ. ಹಿಂದೆ ಪೆನ್ಸಿಲಿನ ಗೀಚು.

"ಅದು ನಮ್ಮಪ್ಪ ಮಗುವಾಗಿದ್ದಾಗ ಗೀಚಿದ್ದು" ಎಂದಳು ನೋರಾ ಕಣ್ಣೊರೆಸಿಕೊಳ್ಳುತ್ತ. "ಅಜ್ಜಿ ಹಾಗೆ ಹೇಳುತ್ತಿದ್ದಳು."

ಗೀಚಲ್ಲ ಅದು. ಒಂದನೇ ಇಯತ್ತೆಯ ಹುಡುಗನಂತೆ, ಅಕ್ಷರಗಳನ್ನು ದೂರ ದೂರ ಬರೆದು, ಒತ್ತು ಬಿಟ್ಟು, ಗುಣಿತ ತಪ್ಪಿಸಿ ಬೆಳೆದ ಗಂಡಸೊಬ್ಬ ಬರೆದ ಕನ್ನಡ; ತುಮ್ಮಿ ಸಾಹೇಬ ಬರೆದು ಕಳಿಸದೇ ಉಳಿಸಿಕೊಂಡ ಉತ್ತರವಿರಬೇಕು. ನಾನು ಅಕ್ಷರ ಅಕ್ಷರ ಕೂಡಿಸಿ ಓದಿದೆ: ‘ನನ ಊರು ಬ್ಯಾಲಿಕರೀನ. ಸಮುದರದ ಹತಿರ. ಯೆಂಟು ಮನೆ. ವಂದು ಬಾವಿ. ನಮ ಮನೆ ಈಗ ಇಲ. ದನಿ ಕೆಡವಿದ.’

ದನಿ ಅಂದರೆ ಧಣಿ, ಜಮೀನಿನ ಒಡೆಯ.

ನೋರಾಳ ತಂದೆ ಎರಡು ಸಲ ಐರ್ಲೆಂಡಿಗೆ ಹೋಗಿ ಚರ್ಚಿನ ದಫ್ತರುಗಳನ್ನೆಲ್ಲ ಜಾಲಾಡಿದ್ದನಂತೆ. ಮಾರ್ಟಿನ್ ಟೂಮಿಗಳು ಡಜನುಗಟ್ಟಲೆ ಸಿಕ್ಕರು, ತಮ್ಮವನು ಯಾವನೆಂದು ತಿಳಿಯಲಿಲ್ಲ. ಆ ಊರಿನ ಹೆಸರು ಇಡೀ ಹೊತ್ತು ಅವನ ತಾಯಿಯ ಮಂಚದ ಕೆಳಗೇ ಇತ್ತು, ಕನ್ನಡದಲ್ಲಿ.

"ಇನ್ನೊಂದು ಸಲ ಹೇಳಿ" ಎಂದಳು ನೋರಾ. ಹೇಳಿದೆ. "ಎಂಟು ಮನೆ" ಎಂದು ತಾನೂ ಹೇಳಿಕೊಂಡಳು. ಆಮೇಲೆ ಅವಳು ಅತ್ತ ಅಳು ಬೇರೆ ಬಗೆಯದು. ನನಗೂ ತಡೆಯಲಾಗಲಿಲ್ಲ. ನನ್ನ ಸಿಟ್ಟು ಹೋಯಿತೆಂದು ಹೇಳಲಾರೆ; ಆದರೆ ತಪ್ಪುತಪ್ಪಾಗಿ ಬರೆದ ಆ ಆರು ಸಾಲಿನ ಮೇಲೆ ಸಿಟ್ಟಾಗುವುದು ಹೇಗೆಂದು ತಿಳಿಯಲಿಲ್ಲ.

ಏಂಜೆಲ್ ಐಲ್ಯಾಂಡ್

ಹಡಗಿನಲ್ಲಿ ಬಂದ ಪರದೇಶದವರನ್ನು ತಡೆದು ತಪಾಸಣೆ ಮಾಡುತ್ತಿದ್ದ ಆ ದ್ವೀಪ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನಡುವೆಯೇ ಇದೆ. ನೋರಾ ಚಿಕ್ಕವಳಿದ್ದಾಗ ಮನೆಯವರೊಂದಿಗೆ ಅಲ್ಲಿಗೆ ಪಿಕ್‌ನಿಕ್ ಹೋಗುತ್ತಿದ್ದಳಂತೆ. "ಅಜ್ಜ ಮಾತ್ರ ಒಮ್ಮೆಯೂ ಬರಲಿಲ್ಲ. ದೋಣಿಯಲ್ಲಿ ತಲೆ ತಿರುಗುತ್ತದೆ ಅನ್ನುತ್ತಿದ್ದ. ಹಡಗುಕಟ್ಟೆಯಲ್ಲಿ ಕೆಲಸ ಮಾಡುವವನಿಗೆ ತಲೆ ತಿರುಗುವುದೇನು ಎಂದು ನಾವು ನಗುತ್ತಿದ್ದೆವು."

ಎರಡು ದಿನ ಬಿಟ್ಟು ಮೂವರೂ ದೋಣಿ ಹತ್ತಿದೆವು. ಈ ಸಲ ನಾನು ನೋರಾ ಕೊಟ್ಟ ಗಂಡಸರ ಸ್ವೆಟರನ್ನು ಸೀರೆಯ ಮೇಲೆ ಏರಿಸಿಕೊಂಡಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಈ ಊರಿನಲ್ಲಿ ಯಾರು ಏನು ತೊಟ್ಟರೂ ಯಾರೂ ನೋಡುವುದಿಲ್ಲ. ಮೊದಲೆರಡು ದಿನ ಅದು ನನಗೆ ಅವಮಾನದಂತೆ ಅನ್ನಿಸಿತ್ತು, ಈಗ ಹಾಯೆನ್ನಿಸಿತು. ಸೈಕಲ್ಲು ತಂದವರು, ಬುತ್ತಿ ತಂದವರು, ನಾಯಿಮರಿಯನ್ನು ಬೆನ್ನಿನ ಚೀಲದಲ್ಲಿ ಹೊತ್ತವರು. ಎಲ್ಲರಿಗೂ ರಜೆಯ ಉಲ್ಲಾಸ.

ಇಳಿದು ಗುಡ್ಡ ಸುತ್ತಿಕೊಂಡು ಹೋದರೆ ಹಳೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ. ಗಂಡಸರನ್ನು ಇಡುತ್ತಿದ್ದ ಮನೆ ನಿಂತಿದೆ. ಒಂದರ ಮೇಲೊಂದು ಕಬ್ಬಿಣದ ಮಂಚ. ಮರದ ಗೋಡೆಗಳ ಮೇಲೆ ಚೀನಾದವರು ಚಾಕುವಿನಿಂದ ಕೊರೆದ ಪದ್ಯಗಳು. ಕನ್ನಡದ ಒಂದಾದರೂ ಅಕ್ಷರ ಇದ್ದೀತೇ ಎಂದು ಗೋಡೆ ಗೋಡೆಗೆ ಕಣ್ಣು ಹಚ್ಚಿ ನೋಡಿದೆ. ಅಲ್ಲಿಯ ಮಾರ್ಗದರ್ಶಿ ಹೆಂಗಸು ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಸುಮಂಗಲಾ ಹೇಳಿದಳು.

"ಹೆಂಗಸರನ್ನು ಇಲ್ಲಿ ಇಡುತ್ತಿರಲಿಲ್ಲ" ಎಂದಳು ಆಕೆ. "ಅವರು ಕೆಳಗಿನ ಕಚೇರಿ ಕಟ್ಟಡದ ಮಾಳಿಗೆಯಲ್ಲಿರುತ್ತಿದ್ದರು. ಅದು ಬಹಳ ಹಿಂದೆ ಬೆಂಕಿಗೆ ಹೋಯಿತು."

ಕೆಳಗೆ ಬಂದೆವು. ನೀರಿನ ಅಂಚಿಗೆ ಬಯಲು. ಕಟ್ಟಡ ಇದ್ದ ಜಾಗದ ಗುರುತಷ್ಟೇ ನೆಲದಲ್ಲಿದೆ. ಅದರಾಚೆ ದೋಣಿ ಬಂದು ನಿಲ್ಲುತ್ತಿದ್ದ ಕಡೆ. ಎದುರಿಗೆ ಆಚೆ ದಡ, ಮನೆಗಳು, ಮರಗಳು. ನಿಜವಾಗಿಯೂ ಹತ್ತಿರ. ಕೂಗಿದರೆ ಕೇಳಬಹುದೇನೋ ಅನ್ನುವಷ್ಟು.

ನಾನು ಆ ಬಯಲಿನಲ್ಲಿ ನಿಂತು ಅಂದಾಜು ಮಾಡಿದೆ. ಮಾಳಿಗೆಯ ಕಿಟಕಿ ಇಲ್ಲಿದ್ದರೆ, ಟೊಪ್ಪಿಗೆ ಹಿಡಿದ ಮನುಷ್ಯ ಅಲ್ಲಿ ನಿಂತಿದ್ದರೆ, ನಡುವೆ ನಮ್ಮ ಅಂಚೆ ಕಚೇರಿಯ ಅಂಗಳದಷ್ಟು ದೂರ. ಅಷ್ಟು ದೂರಕ್ಕೆ ಮೂವತ್ತು ವರ್ಷದ ಹೆಂಗಸೊಬ್ಬಳು ಹಡಗು ಹತ್ತಿ ಭೂಮಿಯನ್ನು ಅರ್ಧ ಸುತ್ತಿ ಬಂದಿದ್ದಳು. ಅಷ್ಟೇ ದೂರವನ್ನು ದಾಟಲಾಗದೆ ಹೋದಳು. ನನಗೆ ಐದಾರು ದಿನ ಹಿಂದೆ ವಿಮಾನನಿಲ್ದಾಣದಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಯಾರ ಮನೆಗೆ ಹೋಗುತ್ತೀರಿ ಎಂದು. ಗೆಳತಿಯ ಮನೆಗೆ ಎಂದೆ. ಮುದ್ರೆ ಒತ್ತಿದರು.

ನೋರಾ ಪಕ್ಕಕ್ಕೆ ಬಂದಳು. "ಅವಳು ಒಳಗೆ ಬಂದಿದ್ದರೆ" ಎಂದಳು, "ನಾನು ಹುಟ್ಟುತ್ತಿರಲಿಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ. ನಾನು ರೂತವ್ವನನ್ನು ಮನಸ್ಸಿನಲ್ಲೇ ಆ ಕಟ್ಟೆಯ ಮೇಲಿಂದ ದೋಣಿಗೆ ಹತ್ತಿಸಿ, ದಡ ಮುಟ್ಟಿಸಿ, ಆ ಸನ್‌ಸೆಟ್ ಬಡಾವಣೆಯ ಮನೆಗೆ ತುಂಬಿಸುತ್ತಿದ್ದೆ. ಹಾಗೆ ತುಂಬಿಸಿದರೆ ಈ ಪಕ್ಕದಲ್ಲಿ ನಿಂತವಳಿಗೆ ಜಾಗವಿಲ್ಲ. ಎಲೀನಾಳೂ ಇಲ್ಲಿಗೇ ಬಂದು ಬೆಳೆಯುತ್ತಿದ್ದಳು; ಆಗ ಹುಬ್ಬಳ್ಳಿಯಲ್ಲಿ ನಮ್ಮವ್ವನಿಗೂ ಜಾಗವಿಲ್ಲ, ನನಗೂ ಇಲ್ಲ. ನೋರಾಳ ಕೈ ಹಿಡಿದುಕೊಂಡೆ. ಅವಳ ಕೈ ಚಳಿಯಲ್ಲೂ ಬೆಚ್ಚಗಿತ್ತು. ಸುಮಂಗಲಾ ದೂರದಲ್ಲಿ ಬೆಂಚಿನ ಮೇಲೆ ಕುಳಿತು, ಬುತ್ತಿಗೆ ತಂದ ಚಪಾತಿ ಬಿಚ್ಚಿ ನಮ್ಮನ್ನು ಕೈಬೀಸಿ ಕರೆಯುತ್ತಿದ್ದಳು. ನೋರಾ ಚಪಾತಿಯನ್ನು ಮಡಚಿ ಕಾಫಿಯಲ್ಲಿ ಅದ್ದಿ ತಿಂದಳು.

ಹುಬ್ಬಳ್ಳಿಗೆ ಫೋನು

ಸಂಜೆ ಐದೂವರೆಗೆ ನೋರಾಳ ಅಡಿಗೆಮನೆಯಿಂದ ಅವ್ವನಿಗೆ ಫೋನು ಹಚ್ಚಿದೆ. ಅಲ್ಲಿ ಮರುದಿನದ ಬೆಳಗಿನ ಆರು. ಅವ್ವ ಪ್ರಾರ್ಥನೆ ಮುಗಿಸಿ ಚಹಾಕ್ಕೆ ಕುಳಿತಿರುವ ಹೊತ್ತು. ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಎರಡು ದಿನ ತೂಗಿ ನೋಡಿದ್ದೆ. ಎಂಬತ್ತೆಂಟರ ಜೀವ. ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಕ್ಷರ ಕಲಿಸಿದವಳು ರೂತವ್ವ. ಊರಿನ ಹೆಸರಷ್ಟನ್ನೇ ಹೇಳಿ ಸುಮ್ಮನಾದರೆ ಯಾರಿಗೇನು ನಷ್ಟ? "ನಿನಗ ಬಿಟ್ಟಿದ್ದು" ಎಂದಿದ್ದಳು ಸುಮಂಗಲಾ. ಮಳೆಯ ಸುದ್ದಿ ಎಂದು ನಾನು ಹೇಳಿದ ಸುಳ್ಳು ಮಾತ್ರ ಇನ್ನೂ ನನ್ನ ಬಾಯಲ್ಲಿ ಕಹಿಯಾಗಿತ್ತು.

"ಅವ್ವಾ, ಅಜ್ಜನ ಊರು ಸಿಕ್ಕತು."

"ಯಾವೂರು?"

"ಬ್ಯಾಲಿಕರೀನ್."

ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ನೋಡಿದಳು. "ಬಾಳಿಕೇರಿ. ನಮ್ಮ ಕಡಿ ಊರ ಇದ್ದಂಗ ಐತಿ ಬಿಡು." ಅವಳ ದನಿಯಲ್ಲಿದ್ದ ಸಮಾಧಾನ ಕೇಳಿ ಫೋನು ಇಟ್ಟುಬಿಡೋಣ ಅನ್ನಿಸಿತು.

ಇಡಲಿಲ್ಲ. ಎಲ್ಲ ಹೇಳಿದೆ. ಫೋಟೋ, ಡಬ್ಬಿ, ಕಾಗದ, ದ್ವೀಪ, ಬ್ರಿಜಿಟ್, ಎಲ್ಲ. ಸತ್ತನೆಂದು ಹೇಳಿದವಳು ರೂತವ್ವನೇ ಎಂಬುದನ್ನೂ ಹೇಳಿದೆ. ಅವ್ವ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಲೈನು ಹೋಯಿತೇನೋ ಎಂದು ಫೋನು ತಿರುಗಿಸಿ ನೋಡಿದೆ. ಹೋಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳಿಸುತ್ತಿತ್ತು.

"ಅವ್ವಾ?"

"ಅದೀನಿ." ಎಂದಳು ಅವ್ವ. "ಹಡಗಿನ್ಯಾಗ ಒಬ್ಬಾಕಿನ ಹೋಗಿದ್ಲಾ?"

"ಹೂಂ. ಒಬ್ಬಾಕಿನ."

"ಎಷ್ಟ ದಿನದ ದಾರಿ?"

"ಹೋಗಾಕ ಎರಡ ತಿಂಗಳ ಮ್ಯಾಲ. ಬರಾಕೂ ಅಷ್ಟ."

ಅವ್ವ ಚಹಾದ ಬಟ್ಟಲನ್ನು ಕೆಳಗಿಟ್ಟ ಸದ್ದು ಕೇಳಿಸಿತು.

"ನಾ ಆರೇಳ ವರ್ಷದಾಕಿ ಇದ್ದಾಗ ಅಕಿನ್ನ ಕೇಳಿದ್ದೆ. ಅಜ್ಜಿ, ನೀ ಸಮುದ್ರ ನೋಡಿಯೇನ, ಹೆಂಗ ಇರತೈತಿ ಅಂತ. ನನ್ನ ಜಡಿ ಹೆಣೀತಿದ್ಲು. ಕೈ ನಿಂದರಸಲಿಲ್ಲ ನೋಡು. ‘ಇಲ್ಲವ್ವಾ, ನಾ ಎಲ್ಲಿ ನೋಡಲಿ’ ಅಂದ್ಲು."